ದೇವರಿಗೆ ಕೊಡೋ ಟೈಮು ಯಾರ ಟೈಮು?

ಈ ಬರಹ ಓದಿ ನಮ್ಮ ಚರ್ಚಿನ ಕೆಲವು ಗೆಳೆಯರಿಗೆ ಸಿಟ್ಟು ಬರಬಹುದು. ಬರಲಿ ಬಿಡಿ. ಭಾನುವಾರ ಆರಾಧನೆ ಮುಗಿದ ಮೇಲೆ ಟೀ ಕುಡೀತಾ ಇದನ್ನೆಲ್ಲ ಹೇಳೋಕೆ ಹೋದರೆ ಯಾರೂ ಪೂರ್ತಿ ಕೇಳಿಸಿಕೊಳ್ಳೋದಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ. ಕ್ರೈಸ್ತರಲ್ಲದ ಗೆಳೆಯರೇ, ನೀವೂ ಇರಿ, ಎದ್ದು ಹೋಗಬೇಡಿ. ನಿಮ್ಮ ಮನೆಗೂ ಇದು ಸ್ವಲ್ಪ ತಾಗುತ್ತೆ :-)

ದಿನಾ ದೇವರಿಗೆ ಒಂದಿಷ್ಟು ಹೊತ್ತು ಕೊಡಬೇಕು ಅನ್ನೋದರಲ್ಲಿ ನಮ್ಮಲ್ಲಿ ಯಾರಿಗೂ ತಕರಾರಿಲ್ಲ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಊಟ ಕೇಳೋದು ಕೂಡ ಆ ದಿನಕ್ಕೆ ಬೇಕಾದಷ್ಟು ಮಾತ್ರ, ತಿಂಗಳ ರೇಷನ್ ಅಲ್ಲ. ನಾಳೆ ಮತ್ತೆ ಬಂದು ಕೇಳು ಅಂತಲೇ ಅದರ ಅರ್ಥ. ತಕರಾರು ಇರೋದು ಆ ಹೊತ್ತು ಎಲ್ಲಿಂದ ಬರಬೇಕು ಅನ್ನೋದರಲ್ಲಿ.

ನಮ್ಮ ಸಾಫ್ಟ್‌ವೇರ್ ಮಂದಿಯ ಉತ್ತರ ಗೊತ್ತಿರೋದೇ. "ಟೈಮೆಲ್ಲಿದೆ ಗುರೂ?" ಬೆಳಿಗ್ಗೆ ಸ್ಟ್ಯಾಂಡಪ್, ಮಧ್ಯಾಹ್ನ ರಿವ್ಯೂ, ರಾತ್ರಿ ಒಂಬತ್ತೂವರೆಗೆ ಅಮೆರಿಕದವರ ಜೊತೆ ಕಾಲ್, ಇವುಗಳ ಮಧ್ಯೆ ಔಟರ್ ರಿಂಗ್ ರೋಡು. ಪಾಪ ಅನ್ಸುತ್ತೆ. ಆದ್ರೆ ಹೀಗೆ ಹೇಳಿದ ಐದೇ ನಿಮಿಷಕ್ಕೆ ಅದೇ ಬಾಯಲ್ಲಿ ವಾರದಲ್ಲಿ ನೋಡಿ ಮುಗಿಸಿದ ಎಂಟು ಎಪಿಸೋಡಿನ ಸೀರೀಸಿನ ಕಥೆ ಬರುತ್ತಲ್ಲ, ಆಗ ಪಾಪ ಅನ್ಸೋದು ನಿಲ್ಲುತ್ತೆ.

ಬೈಬಲ್ಲಿನ ದಾನಿಯೇಲನನ್ನೇ ತಗೊಳ್ಳಿ. ಸಿಂಹದ ಗವಿಯ ಕಥೆ ಎಲ್ಲರಿಗೂ ಗೊತ್ತು. ಅವನ ನೌಕರಿ ಏನು ಅಂತ ಯಾರೂ ಗಮನಿಸಲ್ಲ. ರಾಜ ದಾರ್ಯಾವೆಷ 120 ಜನ ದೇಶಾಧಿಪತಿಗಳನ್ನು ನೇಮಿಸಿ, ಅವರ ಮೇಲೆ ಮೂವರು ಮುಖ್ಯಸ್ಥರನ್ನು ಇಟ್ಟಿದ್ದ. ಆ ಮೂವರಲ್ಲಿ ಒಬ್ಬ ದಾನಿಯೇಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ವೈಸ್ ಪ್ರೆಸಿಡೆಂಟಿಗಿಂತ ಮೇಲಿನವನು. ಅಷ್ಟು ದೊಡ್ಡ ಅಧಿಕಾರಿ ದಿನಕ್ಕೆ ಮೂರು ಸಲ ಯೆರೂಸಲೇಮಿನ ಕಡೆಯ ಕಿಟಕಿ ತೆರೆದು ಮೊಣಕಾಲೂರಿ ಪ್ರಾರ್ಥನೆ ಮಾಡ್ತಿದ್ದ. ಅವನನ್ನು ಕಂಡರಾಗದವರು ಅದನ್ನು ನೆಚ್ಚಿಕೊಂಡೇ ಬಲೆ ಹಾಕಿದ್ದು, ಅಷ್ಟು ಗ್ಯಾರಂಟಿ ಇತ್ತು ಅವರಿಗೆ. ನಮ್ಮನ್ನು ಹಿಡಿಯೋಕೆ ಅದೇ ಥರ ಬಲೆ ಹಾಕಿದರೆ ಶತ್ರುಗಳು ಕಾದು ಕಾದು ಸುಸ್ತಾಗಿ ಮನೆಗೆ ಹೋಗ್ತಾರೆ.

ನನ್ನ ಹಿಂದಿನ ಟೀಮಿನಲ್ಲಿ ಒಬ್ಬ ಮುಸ್ಲಿಂ ಗೆಳೆಯನಿದ್ದ. ಶುಕ್ರವಾರ ಮಧ್ಯಾಹ್ನ ಒಂದರಿಂದ ಎರಡೂವರೆ ಅವನ ಕ್ಯಾಲೆಂಡರ್ ಬ್ಲಾಕ್. ಮ್ಯಾನೇಜರ್ ಮೂರು ಸಲ ಆ ಹೊತ್ತಿಗೆ ಮೀಟಿಂಗ್ ಹಾಕಿದರು, ಮೂರು ಸಲವೂ ಡಿಕ್ಲೈನ್. ನಾಲ್ಕನೇ ಸಲ ಅವರೇ ಮೂರು ಗಂಟೆಗೆ ಹಾಕಿದರು. ಜಗಳ ಇಲ್ಲ, ಭಾಷಣ ಇಲ್ಲ. ಪಕ್ಕದಲ್ಲಿ ಕೂತಿದ್ದ ನಾವು ಮೂವರು ಕ್ರೈಸ್ತರು ಗುಡ್ ಫ್ರೈಡೇ ದಿನವೂ ಲ್ಯಾಪ್‌ಟಾಪ್ ಹೊತ್ತುಕೊಂಡೇ ಆರಾಧನೆಗೆ ಹೋಗ್ತಿದ್ವಿ.

ಇನ್ನು ಸ್ವಲ್ಪ ಓದಿಕೊಂಡವರ ವಾದ ಬೇರೆ. "ನನ್ನ ಕೆಲಸವೇ ನನ್ನ ಪ್ರಾರ್ಥನೆ" ಅಂತಾರೆ. ಕನ್ನಡದವರಾದರೆ ತಕ್ಷಣ ಶರಣರನ್ನು ಕರೆತಂದು ಕಾಯಕ, ಕೈಲಾಸ ಅಂತ ಶುರು ಮಾಡ್ತಾರೆ. ಕ್ರೈಸ್ತರ ಬಾಯಲ್ಲಿ ವಚನ ಬರೋದು ನನಗೆ ಖುಷಿಯೇ, ಆದ್ರೆ ಪೂರ್ತಿ ಬರಲಿ. ಕಾಯಕದಲ್ಲಿ ಮುಳುಗಿದಾಗ ಲಿಂಗಪೂಜೆಯನ್ನೂ ಮರೆಯಬಹುದು ಅನ್ನೋ ಅರ್ಥದ ವಚನ ಬರೆದದ್ದು ಆಯ್ದಕ್ಕಿ ಮಾರಯ್ಯ, ನಿಜ. ಆದ್ರೆ ಅವನ ಕಾಯಕ ಏನು? ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡೋದು. ಒಂದು ದಿನ ದಿನದ ಅಳತೆಗಿಂತ ಜಾಸ್ತಿ ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಇಷ್ಟೊಂದು ಆಸೆ ನಮಗ್ಯಾಕೆ ಅಂತ ಬೈದು ವಾಪಸ್ ಹಾಕಿ ಬರೋಕೆ ಹೇಳಿದಳು. ಅಂದ್ರೆ ಆ ಕಾಯಕಕ್ಕೆ ಒಂದು ಅಳತೆ ಇತ್ತು, ಉಣ್ಣೋಕೆ ಪಂಕ್ತಿಯಲ್ಲಿ ಬೇರೆಯವರಿದ್ದರು. ಅಪ್ರೈಸಲ್ಲಿನಲ್ಲಿ ಒಂದು ಅಂಕ ಜಾಸ್ತಿ ಬರಲಿ ಅಂತ ಶನಿವಾರವೂ ಕೋಡ್ ಬರೆಯೋನು ಮಾರಯ್ಯನ ಹೆಸರು ಹೇಳೋ ಮುಂಚೆ ಲಕ್ಕಮ್ಮನನ್ನು ಒಂದು ಮಾತು ಕೇಳಬೇಕು.

ಮತ್ತೊಂದು ಜಾತಿ ಇದೆ: ಎರಡು ಕೆಲಸ ಒಟ್ಟಿಗೆ ಮಾಡೋರು. ಕ್ಯಾಬಿನಲ್ಲಿ ಆಡಿಯೋ ಬೈಬಲ್, ಅದೂ ಒಂದೂವರೆ ಪಟ್ಟು ಸ್ಪೀಡಿನಲ್ಲಿ! ಕೀರ್ತನೆಗಳನ್ನು ಹಾಗೆ ಕೇಳಿದರೆ ದಾವೀದನಿಗೆ ಬಸ್ಸು ತಪ್ಪಿ ಹೋಗ್ತಿದೆಯೇನೋ ಅನ್ಸುತ್ತೆ. ಇವರಿಗೆ ಉತ್ತರ ಮಾರ್ಟಿನ್ ಲೂಥರ್ ಯಾವತ್ತೋ ಕೊಟ್ಟಾಗಿದೆ. ಲೂಥರನಿಗೆ ಪೀಟರ್ ಅಂತ ಒಬ್ಬ ಕ್ಷೌರಿಕ ಗೆಳೆಯ. ಪ್ರಾರ್ಥನೆ ಹೇಗೆ ಮಾಡೋದು ಅಂತ ಅವನು ಕೇಳಿದ್ದಕ್ಕೆ 1535ರಲ್ಲಿ ಲೂಥರ್ ಒಂದು ಸಣ್ಣ ಪುಸ್ತಕವನ್ನೇ ಬರೆದುಕೊಟ್ಟ. ಅದರಲ್ಲಿ ಅವನಿಗೆ ಅರ್ಥವಾಗೋ ಉದಾಹರಣೆಯನ್ನೇ ಆರಿಸಿದ. ಒಳ್ಳೇ ಕ್ಷೌರಿಕ ಕತ್ತಿ ಮತ್ತು ಕೂದಲಿನ ಮೇಲೆ ಕಣ್ಣಿಟ್ಟಿರಬೇಕು, ಹರಟೆ ಹೊಡೀತಾ ಎಲ್ಲೋ ನೋಡ್ತಾ ಕೂತರೆ ಗಿರಾಕಿಯ ಮೂಗೇ ಹೋಗುತ್ತೆ. ಕ್ಷೌರಕ್ಕೇ ಇಷ್ಟು ಗಮನ ಬೇಕಾದರೆ ಪ್ರಾರ್ಥನೆಗೆ ಎಷ್ಟು ಬೇಕು, ಇದು ಅವನ ಪ್ರಶ್ನೆ. ಬೆಳಿಗ್ಗೆ ಎದ್ದ ಕೂಡಲೇ ಅದೇ ಮೊದಲ ಕೆಲಸ ಆಗಲಿ, ರಾತ್ರಿ ಅದೇ ಕೊನೆಯದ್ದಾಗಲಿ ಅಂತಲೂ ಬರೆದ. "ತಡಿ, ಇನ್ನೊಂದು ಗಂಟೆ ಬಿಟ್ಟು ಮಾಡ್ತೀನಿ, ಈ ಕೆಲಸ ಒಂದು ಮುಗೀಲಿ" ಅನ್ನೋ ಯೋಚನೆ ಬಂದರೆ ಅದನ್ನು ನಂಬಬೇಡ ಅಂತಲೂ ಎಚ್ಚರಿಸಿದ. ಸುಮಾರು 490 ವರ್ಷದ ಹಿಂದೆಯೇ ನಮ್ಮ ನೆಪ ಅವನಿಗೆ ಗೊತ್ತಿತ್ತು ನೋಡಿ.

(ಆ ಪೀಟರ್ ಮುಂದೇನಾದ ಗೊತ್ತಾ? ಅದೇ ವರ್ಷ ಈಸ್ಟರ್ ಹೊತ್ತಿಗೆ, ಕುಡಿದ ಅಮಲಿನಲ್ಲಿ ಅಳಿಯನನ್ನೇ ಇರಿದು ಕೊಂದ, ಗಡಿಪಾರಾದ. ಪ್ರಾರ್ಥನೆಯ ಪುಸ್ತಕ ಕೈಲಿದ್ದ ಮಾತ್ರಕ್ಕೆ ಮನುಷ್ಯ ಒಳ್ಳೆಯವನಾಗಿಬಿಡ್ತಾನೆ ಅನ್ನೋ ಭ್ರಮೆ ಯಾರಿಗಾದರೂ ಇದ್ದರೆ ಇದನ್ನು ನೆನಪಿಡಿ.)

ಇಷ್ಟು ಓದಿ ಇನ್ನೊಂದು ಗುಂಪಿನವರು ಖುಷಿಯಾಗಿ ತಲೆ ಆಡಿಸ್ತಿರ್ತಾರೆ. ಐದು ಗಂಟೆಗೆ ಏಳೋ ಗುಂಪು. ಅವರಿಗೇ ಈಗ ನನ್ನ ಮುಖ್ಯ ಮಾತು.

ಇವರ ಕಾರ್ಯಕ್ರಮ ನಿಮಗೆ ಗೊತ್ತಿರಬಹುದು. ಬೆಳಗಿನ ಐದಕ್ಕೆ ಅಲಾರಂ, ಕಾಫಿ, ನೋಟ್‌ಬುಕ್, ಬಣ್ಣ ಬಣ್ಣದ ಹೈಲೈಟರ್. ಇದಕ್ಕೆ "ಕ್ವೈಟ್ ಟೈಮ್" ಅಂತ ಹೆಸರು. ಆಪ್ ತೆರೆದರೆ ಎಷ್ಟು ದಿನ ಬಿಡದೆ ಓದಿದ್ದೀಯ ಅನ್ನೋ ಲೆಕ್ಕ, ಅದರ ಸ್ಕ್ರೀನ್‌ಶಾಟ್ ವಾಟ್ಸಾಪ್ ಸ್ಟೇಟಸ್ಸಿಗೆ. ಇನ್ನೂ ಉತ್ಸಾಹ ಇದ್ದವರು ದಶಮಾಂಶದ ಲೆಕ್ಕ ಹಾಕ್ತಾರೆ: ದುಡಿಮೆಯಲ್ಲಿ ಹತ್ತರಲ್ಲಿ ಒಂದು ಪಾಲು ದೇವರಿಗೆ ಅಂದ ಮೇಲೆ ದಿನದ 24 ಗಂಟೆಯಲ್ಲೂ ಹತ್ತನೇ ಒಂದು, ಅಂದ್ರೆ 2 ಗಂಟೆ 24 ನಿಮಿಷ. ಎಂಜಿನಿಯರಿಂಗ್ ಓದಿದ್ದಕ್ಕೆ ಇದಾದರೂ ಉಪಯೋಗ ಆಯ್ತಲ್ಲ!

ಸರಿ, ಐದರಿಂದ ಏಳೂಕಾಲಿನವರೆಗೆ ಅಣ್ಣ ದೇವರ ಜೊತೆ ಇದ್ದಾನೆ. ಆ ಹೊತ್ತಲ್ಲಿ ಹಾಲು ಕಾಯಿಸಿದ್ದು ಯಾರು? ಮಗುವನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಶೂ ಲೇಸ್ ಕಟ್ಟಿದ್ದು ಯಾರು? ಎರಡು ಡಬ್ಬಿ ಚಿತ್ರಾನ್ನ ತುಂಬಿದ್ದು ಯಾರು? ಅತ್ತಿಗೆ. ಅವರೂ ಬೇರೆ ಕಂಪನಿಯಲ್ಲಿ ಕೋಡ್ ಬರೀತಾರೆ, ಅವರಿಗೂ ಎಂಟೂವರೆಗೆ ಕ್ಯಾಬ್ ಇದೆ. ಅವರ ಕ್ವೈಟ್ ಟೈಮ್ ಎಷ್ಟು ಹೊತ್ತಿಗೆ ಅಂತ ಯಾರೂ ಕೇಳಿಲ್ಲ. ಅಣ್ಣ ದೇವರಿಗೆ ಕೊಟ್ಟದ್ದು ತನ್ನ ಎರಡು ಗಂಟೆಯನ್ನಲ್ಲ, ಅತ್ತಿಗೆಯ ಎರಡು ಗಂಟೆಯನ್ನು. ಇನ್ನೊಬ್ಬರ ಪರ್ಸಿನಿಂದ ತೆಗೆದು ಕಾಣಿಕೆ ಪೆಟ್ಟಿಗೆಗೆ ಹಾಕೋದಕ್ಕೂ ಇದಕ್ಕೂ ನನಗೇನೂ ವ್ಯತ್ಯಾಸ ಕಾಣ್ತಿಲ್ಲ.

ಮೇಲಾಗಿ ಭಾನುವಾರ ಬಂದರೆ ಬೈಗುಳವೂ ಅವರಿಗೇ. ಲೂಕನ ಸುವಾರ್ತೆಯಲ್ಲಿ ಮಾರ್ಥ, ಮರಿಯ ಅನ್ನೋ ಅಕ್ಕತಂಗಿಯರ ಕಥೆ ಇದೆ. ಯೇಸು ಮನೆಗೆ ಬಂದಾಗ ಮಾರ್ಥ ಅಡುಗೆ ಕೆಲಸದಲ್ಲಿ ತಲೆ ಕೆಡಿಸಿಕೊಂಡಿರ್ತಾಳೆ, ಮರಿಯ ಆತನ ಪಾದದ ಹತ್ತಿರ ಕೂತು ಮಾತು ಕೇಳ್ತಿರ್ತಾಳೆ. ಇವಳಿಗೆ ನನಗೆ ಸಹಾಯ ಮಾಡೋಕೆ ಹೇಳು ಅಂತ ಮಾರ್ಥ ದೂರಿದಾಗ, ಮರಿಯ ಆರಿಸಿಕೊಂಡದ್ದನ್ನು ಅವಳಿಂದ ತೆಗೆಯೋಕಾಗಲ್ಲ ಅಂತಾನೆ ಯೇಸು. ಇದರ ಮೇಲೆ ನಾನು ಕೇಳಿದ ಪ್ರಸಂಗಗಳೆಲ್ಲ ಒಂದೇ ರಾಗ: ಸಹೋದರಿಯರೇ, ಮಾರ್ಥಳಂತೆ ಇರಬೇಡಿ, ಮರಿಯಳಂತಿರಿ. ಆಮೇಲೆ ಪ್ರಸಂಗಿಗಳು ಸೀದಾ ಯಾರದ್ದೋ ಮನೆಗೆ ಊಟಕ್ಕೆ ಹೋಗ್ತಾರೆ. ಅಲ್ಲಿ ಮಾರ್ಥ ಇಲ್ಲದಿದ್ದರೆ ಏನು ಗತಿ? ಹೆಂಗಸನ್ನು ಅಡುಗೆಮನೆಗೆ ವಾಪಸ್ ಕಳಿಸೋದಿಲ್ಲ ಅಂತ ಯೇಸು ಹೇಳಿದ ಕಥೆ ನನಗೆ ಕಾಣೋದು. ಅದನ್ನೇ ಹಿಡಿದು ಅಡುಗೆಮನೆಯಲ್ಲಿ ಇರೋವಳನ್ನು ಬೈಯೋದು ಯಾವ ನ್ಯಾಯ?

ಇನ್ನೊಂದು ಮೆಚ್ಚಿನ ಉದಾಹರಣೆ ಸುಸಾನ ವೆಸ್ಲಿ. ನಮ್ಮ ಮೈಸೂರು ಸೀಮೆಗೆ ಬಂದದ್ದು ವೆಸ್ಲಿಯನ್ ಮಿಷನ್ನಾದ್ದರಿಂದ ಜಾನ್ ವೆಸ್ಲಿಯ ಈ ತಾಯಿಯ ಹೆಸರು ಇಲ್ಲಿ ಜಾಸ್ತಿ ಓಡುತ್ತೆ. 19 ಮಕ್ಕಳನ್ನು ಹೆತ್ತ ತಾಯಿ, ಒಂಟಿ ಜಾಗ ಸಿಗದೆ ಏಪ್ರನ್ನನ್ನೇ ತಲೆ ಮೇಲೆ ಎಳೆದುಕೊಂಡು ಪ್ರಾರ್ಥನೆ ಮಾಡ್ತಿದ್ದಳು ಅನ್ನೋ ಕಥೆ ಹೇಳಿ, ನೋಡಿ ತಾಯಂದಿರೇ, ನಿಮಗೇನು ಕಷ್ಟ ಅಂತಾರೆ. ಆ ಮಕ್ಕಳ ಅಪ್ಪನ ಬಗ್ಗೆ ಯಾರೂ ಪ್ರಸಂಗ ಮಾಡಲ್ಲ. ಸ್ಯಾಮ್ಯುಯೆಲ್ ವೆಸ್ಲಿ ಪಾದ್ರಿ. ರಾಜ ವಿಲಿಯಮ್ಮನಿಗಾಗಿ ತಾನು ಮಾಡಿದ ಪ್ರಾರ್ಥನೆಗೆ ಹೆಂಡತಿ ಆಮೆನ್ ಅನ್ನಲಿಲ್ಲ ಅಂತ ಸಿಟ್ಟಾಗಿ ಮನೆ ಬಿಟ್ಟು ಹೋಗಿದ್ದ, ಸಾಲ ಮಾಡಿ 1705ರಲ್ಲಿ ಜೈಲಿಗೂ ಹೋಗಿದ್ದ. ಆ ಏಪ್ರನ್ ತಲೆಗೇರಿದ್ದರಲ್ಲಿ ಅವನ ಪಾಲೂ ಇದೆ.

"ಯೇಸುವೇ ಇನ್ನೂ ಕತ್ತಲಿರುವಾಗ ಎದ್ದು ಪ್ರಾರ್ಥನೆಗೆ ಹೋದನಲ್ಲ" ಅಂತ ಮಾರ್ಕನ ಒಂದನೇ ಅಧ್ಯಾಯ ತೋರಿಸ್ತಾರೆ. ಹೌದು, ಹೋದ. ಯೋಹಾನನ ಕೊನೇ ಅಧ್ಯಾಯವನ್ನೂ ಓದಿ. ರಾತ್ರಿಯೆಲ್ಲ ಬಲೆ ಬೀಸಿ ಸೋತ ಶಿಷ್ಯರು ಬೆಳಗಾಗುವ ಹೊತ್ತಿಗೆ ದಡಕ್ಕೆ ಬಂದರೆ, ಅಲ್ಲಿ ಕೆಂಡ ಹಾಕಿ, ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು ತಿಂಡಿಗೆ ಬನ್ನಿ ಅಂತ ಕರೆದವನೂ ಅದೇ ಯೇಸು. ಬೆಳಗಿನ ಜಾವದ ಯೇಸುವನ್ನು ಅನುಸರಿಸೋ ಅಣ್ಣಂದಿರಿಗೆ ಈ ಎರಡನೇ ಬೆಳಗು ಯಾಕೋ ಕಣ್ಣಿಗೆ ಬೀಳೋದೇ ಇಲ್ಲ.

ಹಳಬರು ಈ ವಿಷಯದಲ್ಲಿ ನಮಗಿಂತ ಜಾಣರು. ಆರನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ತನ್ನ ಸನ್ಯಾಸಿಗಳಿಗೆ ಒಂದು ನಿಯಮಾವಳಿ ಬರೆದ. ಪ್ರಾರ್ಥನೆಯ ಕರೆ ಕೇಳಿದರೆ ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಬರಬೇಕು. ದೂರದಲ್ಲಿ ಕೆಲಸ ಮಾಡ್ತಿರೋರು ಇದ್ದಲ್ಲೇ ಮೊಣಕಾಲೂರಿದರೆ ಸಾಕು (ರಿಮೋಟ್ ವರ್ಕಿಗೆ ಆಗಲೇ ಪಾಲಿಸಿ ಇತ್ತು!). ಅದೇ ನಿಯಮಾವಳಿಯಲ್ಲಿ ಅಡುಗೆಮನೆಗೂ ಒಂದು ಅಧ್ಯಾಯ. ಕಾಯಿಲೆಯವರು, ದೊಡ್ಡ ಜವಾಬ್ದಾರಿ ಹೊತ್ತವರನ್ನು ಬಿಟ್ಟು ಎಲ್ಲರೂ ವಾರದ ಸರದಿಯಲ್ಲಿ ಅಡುಗೆಮನೆ ಕೆಲಸ ಮಾಡಬೇಕು, ಸರದಿ ಮುಗಿಸಿದವನು ಶನಿವಾರ ಎಲ್ಲ ತೊಳೆದು, ಕೈ ಕಾಲು ಒರೆಸೋ ಬಟ್ಟೆಗಳನ್ನೂ ಒಗೆದು ಒಪ್ಪಿಸಬೇಕು. ಎಲ್ಲರೂ ಪ್ರಾರ್ಥನೆಗೆ ಕೂರಬೇಕು ಅಂದ್ರೆ ಎಲ್ಲರೂ ಪಾತ್ರೆ ತೊಳೀಬೇಕು ಅನ್ನೋ ಸರಳ ಲೆಕ್ಕ ಅವರಿಗೆ ತಿಳಿದಿತ್ತು.

ನಮ್ಮಲ್ಲೂ ಹಿಂದೆ "ಕ್ವೈಟ್ ಟೈಮ್" ಇರಲಿಲ್ಲ. ಕುಟುಂಬ ಪ್ರಾರ್ಥನೆ ಅಂತ ಇತ್ತು. ಮಂಗಳೂರು ಕಡೆ ಕೊಂಕಣಿ ಮಾತಾಡೋ ಕ್ಯಾಥೊಲಿಕ್ ಮನೆಗಳಲ್ಲಿ ಸಂಜೆ ತೇರ್ಸ್ ಹೇಳ್ತಾರಲ್ಲ, ಜಪಮಾಲೆ ಪ್ರಾರ್ಥನೆ, ಹಾಗೆ. ತುಮಕೂರಿನ ನಮ್ಮಜ್ಜನ ಮನೆಯಲ್ಲಿ ಸಂಜೆ ಏಳಕ್ಕೆ ಒಂದು ಹಾಡು, ಸತ್ಯವೇದದಿಂದ ಒಂದು ಅಧ್ಯಾಯ, ಪ್ರಾರ್ಥನೆ. ಅಜ್ಜಿ ಸೀಮೆಎಣ್ಣೆ ಸ್ಟೌ ಆರಿಸಿ ಬಂದು ಕೂರೋವರೆಗೂ ಅಜ್ಜ ಹಾಡು ಎತ್ತುತ್ತಿರಲಿಲ್ಲ. ಹಾಗಂತ ಅಜ್ಜನನ್ನೇನೂ ಹೊಗಳಬೇಕಾಗಿಲ್ಲ, ಆಮೆನ್ ಆದ ತಕ್ಷಣ ಅಜ್ಜಿ ಮತ್ತೆ ಸ್ಟೌ ಮುಂದೆ, ಅಜ್ಜ ರೇಡಿಯೋ ಮುಂದೆ. ಆದ್ರೂ ಆ ಇಪ್ಪತ್ತು ನಿಮಿಷ ಅಜ್ಜಿಯದ್ದೂ ಆಗಿತ್ತು. ಮನೆ ಮಂದಿಯೆಲ್ಲ ನಿಂತ ಹೊತ್ತು ಅದು. ಈಗ ಅದನ್ನು ಒಬ್ಬೊಬ್ಬರಿಗೆ ಹಂಚಿ, ಕೋಣೆ ಬಾಗಿಲು ಹಾಕಿ, ಹೆಡ್‌ಫೋನ್ ಸಿಕ್ಕಿಸಿಕೊಂಡಿದ್ದೀವಿ. ಹಾಗೆ ಹಂಚಿದಾಗ ಹೊತ್ತು ಸಿಕ್ಕಿದ್ದು ಗಂಡಸರಿಗೆ. (ಕನ್ನಡದ ಹಾಡುಗಳೂ ಹೋದವು, ಆ ಗೋಳು ಇನ್ನೊಮ್ಮೆ.)

ಹಾಗಾದ್ರೆ ಏನು ಮಾಡಬೇಕು ಅಂತೀರಾ? ಐದು ಗಂಟೆಗೆ ಏಳ್ತೀರಾ, ಏಳಿ. ಮೊದಲು ಹಾಲು ಕಾಯಿಸಿ, ತರಕಾರಿ ಹೆಚ್ಚಿ, ಡಬ್ಬಿ ತುಂಬಿ. ಆಮೇಲೆ ಇಬ್ಬರೂ ಹದಿನೈದು ನಿಮಿಷ ಕೂರಿ. ಎರಡು ಗಂಟೆಯ ಲೆಕ್ಕ ಯಾರೂ ನಿಮ್ಮನ್ನು ಕೇಳಿಲ್ಲ. ಅದಕ್ಕಿಂತ ಜಾಸ್ತಿ ಹೊತ್ತು ಬೇಕು ಅಂದ್ರೆ ಅದನ್ನು ಕಂಪನಿಯ ಹತ್ತಿರ ಕಿತ್ತುಕೊಳ್ಳಿ, ಆ ಮುಸ್ಲಿಂ ಗೆಳೆಯನ ಹಾಗೆ. ಅಥವಾ ಮೊಬೈಲಿನ ಹತ್ತಿರ. ನನ್ನ ಕ್ಯಾಲೆಂಡರಿನಲ್ಲಿ ಸಂಜೆ ಏಳರಿಂದ ಏಳೂವರೆ ಬ್ಲಾಕ್ ಆಗಿದೆ, ಕಾರಣ ಅಂತ "ಪ್ರಾರ್ಥನೆ" ಅಂತಲೇ ಬರೆದಿದ್ದೀನಿ. ಇಲ್ಲಿಯವರೆಗೆ ಯಾರೂ ಕೆಲಸದಿಂದ ತೆಗೆದಿಲ್ಲ. ಏಳೂವರೆಯ ನಂತರ ಪಾತ್ರೆ ನನ್ನದು, ಆ ಸಾಲನ್ನು ಮಾತ್ರ ಕ್ಯಾಲೆಂಡರಿಗೆ ಹಾಕಿಲ್ಲ :-)

ನಿಮ್ಮ ಮನೆಗಳಲ್ಲಿ ಪೂಜೆಗೋ ನಮಾಜಿಗೋ ಧ್ಯಾನಕ್ಕೋ ಒಬ್ಬರು ಕೂತಾಗ ಒಲೆ ಮುಂದೆ ಯಾರಿರ್ತಾರೆ? ಕಾಮೆಂಟಿನಲ್ಲಿ ಬರೀರಿ. ಬೈಯೋದಿದ್ದರೂ ಬರೀರಿ, ಅಳಿಸೋದಿಲ್ಲ.