ಕೊಳೆಯದ ಹಲಗೆ, ತೂತಾದ ದೋಣಿ

ಅಮೆರಿಕದಲ್ಲಿ ಸರೋವರಗಳ ಆಸುಪಾಸಿನ ಅನೇಕ ಮನೆಗಳ ಅಂಗಳದಲ್ಲಿ ಕಾರಿನ ಪಕ್ಕದಲ್ಲೇ ಒಂದು ಪುಟ್ಟ ದೋಣಿಯೂ ಇರುತ್ತದೆ. ರಜೆ ಬಂತೆಂದರೆ ಅದನ್ನು ಹೊತ್ತ ಟ್ರೇಲರನ್ನು ಕಾರಿಗೆ ಸಿಕ್ಕಿಸಿಕೊಂಡು ಮನೆಮಂದಿಯೆಲ್ಲ ಹೊರಡುತ್ತಾರೆ. ದಡದ ಇಳಿಜಾರಿನಲ್ಲಿ ಟ್ರೇಲರನ್ನು ಹಿಮ್ಮುಖವಾಗಿ ನೀರಿಗಿಳಿಸಿದರೆ ದೋಣಿ ತಾನಾಗಿಯೇ ತೇಲುತ್ತದೆ.

ಟ್ರೇಲರಿನ ಲೋಹದ ಚೌಕಟ್ಟಿನ ಮೇಲೆ ಉದ್ದುದ್ದಕ್ಕೆ ಮರದ ಹಲಗೆಗಳಿರುತ್ತವೆ. ಇವುಗಳಿಗೆ ‘ಬಂಕ್’ ಎಂದು ಹೆಸರು. ದೋಣಿಯ ಭಾರವೆಲ್ಲ ಇವುಗಳ ಮೇಲೆಯೇ. ದೋಣಿಯ ತಳಕ್ಕೆ ಗೀರು ಬೀಳದಿರಲೆಂದು ಹಲಗೆಗೆ ಕಾರ್ಪೆಟ್ ಸುತ್ತಿರುತ್ತಾರೆ. ಆದರೆ ಕಾರ್ಪೆಟ್ ನೀರನ್ನು ಹಿಡಿದಿಡುತ್ತದೆ. ಕೆಲವು ವರ್ಷಗಳಲ್ಲಿ ಹಲಗೆ ಕೊಳೆಯುತ್ತದೆ.

ಬದಲಿಸುವುದೇನೂ ಕಷ್ಟವಲ್ಲ. ದೋಣಿಯನ್ನು ನೀರಿಗೆ ಬಿಟ್ಟು, ಹಳೆಯ ಹಲಗೆಯ ಅಳತೆಗೇ ಹೊಸದನ್ನು ಕೊಯ್ದು, ಬೋಲ್ಟಿನ ತಲೆ ಮೇಲೆ ಚಾಚದೆ ಮರದೊಳಗೆ ಹುದುಗುವಂತೆ ಬಿಗಿದರೆ ಆಯಿತು. ಜನ ಎಡವುವುದು ಮರದ ಆಯ್ಕೆಯಲ್ಲಿ. ಹೇಗೂ ನೀರಿನಲ್ಲಿ ನೆನೆಯುವ ಹಲಗೆ, ಕೊಳೆಯದ ಮರವನ್ನೇ ಹಾಕೋಣವೆಂದು ಸಂರಕ್ಷಕ ರಾಸಾಯನಿಕ ಉಣಿಸಿದ ಮರವನ್ನು ಅಂಗಡಿಯಿಂದ ತರುತ್ತಾರೆ. ದೋಣಿ ಫೈಬರ್‌ಗ್ಲಾಸಿನದಾದರೆ ಚಿಂತೆಯಿಲ್ಲ. ಅಲ್ಯೂಮಿನಿಯಂ ದೋಣಿಯಾದರೆ ಬಂಕ್ ತಾಗುವ ಜಾಗದಲ್ಲಿ ಬಿಳಿ ಪುಡಿ ಕಾಣಿಸಿಕೊಳ್ಳಬಹುದು. ಅದರಡಿಯಲ್ಲಿ ಸಣ್ಣ ಸಣ್ಣ ಗುಳಿಗಳು. ಹಾಗೆಯೇ ಬಿಟ್ಟರೆ ಒಂದು ದಿನ ತೂತು!

ಇದೇಕೆ ಹೀಗೆ? ಉತ್ತರ ಶಾಲೆಯ ಪ್ರಯೋಗಶಾಲೆಯಲ್ಲೇ ಇದೆ. ಮೈಲುತುತ್ತದ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟರೆ ಮೊಳೆಯ ಮೇಲೆ ಕೆಂಪನೆಯ ತಾಮ್ರ ಕೂರುತ್ತದೆ, ಅಷ್ಟೇ ಪಾಲು ಕಬ್ಬಿಣ ಕರಗಿ ದ್ರಾವಣಕ್ಕೆ ಸೇರುತ್ತದೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತಲೂ ಹೆಚ್ಚು ಕ್ರಿಯಾಶೀಲ ಲೋಹ. ಅದರ ಮೈಮೇಲಿನ ತೆಳುವಾದ ಆಕ್ಸೈಡ್ ಪೊರೆ ಸಾಮಾನ್ಯವಾಗಿ ಅದನ್ನು ಕಾಯುತ್ತದೆ. ಸಂರಕ್ಷಿತ ಮರದಲ್ಲಿರುವುದು ಮುಖ್ಯವಾಗಿ ತಾಮ್ರದ ಸಂಯುಕ್ತಗಳು. ಒದ್ದೆ ಕಾರ್ಪೆಟ್ಟಿನ ಮೂಲಕ ತಾಮ್ರದ ಅಯಾನುಗಳು ದೋಣಿಯ ತಳ ಮುಟ್ಟಿ, ಪೊರೆ ದುರ್ಬಲವಾದಲ್ಲಿ ಕಣಕಣವಾಗಿ ಕೂರುತ್ತವೆ. ತಾಮ್ರ, ಅಲ್ಯೂಮಿನಿಯಂ, ನಡುವೆ ನೀರು: ಅಲ್ಲೊಂದು ಪುಟ್ಟ ವಿದ್ಯುತ್ಕೋಶವೇ ಸಿದ್ಧವಾಯಿತು. ಸವೆಯುವ ಸರದಿ ಅಲ್ಯೂಮಿನಿಯಮ್ಮಿನದು. ಉಪ್ಪುನೀರಾದರಂತೂ ಕೇಡು ಇನ್ನೂ ಬೇಗ.

ಈ ಕಥೆಯಲ್ಲಿ ಭಾರತದ ಪಾತ್ರವೂ ಇದೆ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಪ್ರಸಿದ್ಧ ಮರಸಂರಕ್ಷಕವನ್ನು 1933ರಲ್ಲಿ ಕಂಡುಹಿಡಿದವರು ಭಾರತೀಯ ವಿಜ್ಞಾನಿ ಸೊಂಟಿ ಕಾಮೇಶನ್. ದಶಕಗಳ ಕಾಲ ಅದು ಜಗತ್ತಿನಾದ್ಯಂತ ಬಳಕೆಯಲ್ಲಿತ್ತು. ಆರ್ಸೆನಿಕ್ ವಿಷವೆಂಬ ಕಾರಣಕ್ಕೆ 2003ರ ಕೊನೆಗೆ ಅಮೆರಿಕದಲ್ಲಿ ಮನೆಬಳಕೆಯ ಹೆಚ್ಚಿನ ಮರಗಳಿಗೆ ಅದನ್ನು ಉಣಿಸುವುದು ನಿಂತಿತು. ಬದಲಿಗೆ ಬಂದ ಸಂರಕ್ಷಕಗಳಲ್ಲಿ ಆರ್ಸೆನಿಕ್ ಇಲ್ಲ, ಆದರೆ ತಾಮ್ರದ ಪ್ರಮಾಣ ಹೆಚ್ಚು. ಮನುಷ್ಯನಿಗೆ ಅಪಾಯ ಕಡಿಮೆಯಾಯಿತು, ಲೋಹಕ್ಕೆ ಹೆಚ್ಚಾಯಿತು.

ನಮ್ಮ ಅಡಿಕೆ ಬೆಳೆಗಾರರಿಗೆ ತಾಮ್ರದ ಈ ಗುಣ ಹೊಸದಲ್ಲ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತ ಮತ್ತು ಸುಣ್ಣ. ಹಲಗೆಯಲ್ಲಿ ಶಿಲೀಂಧ್ರವನ್ನು ತಡೆಯುವ ತಾಮ್ರವೇ ಇಲ್ಲಿ ಅಡಿಕೆಯನ್ನೂ ಕಾಯುತ್ತದೆ. ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದೆಂದು ತಿಳಿದವರು ಹೇಳುತ್ತಾರೆ. ದ್ರಾವಣ ಹದವಾಗಿದೆಯೇ ಎಂದು ನೋಡಲು ಹೊಳೆಯುವ ಚಾಕುವನ್ನು ಅದ್ದುತ್ತಾರೆ. ಅಲಗಿಗೆ ಕೆಂಪು ಬಣ್ಣ ಅಂಟಿದರೆ ಸುಣ್ಣ ಸಾಲದು ಎಂದರ್ಥ. ಚಾಕುವಿನ ಮೇಲೆ ಕೂತದ್ದು ತಾಮ್ರವೇ!

ಹಾಗಾದರೆ ಅಲ್ಯೂಮಿನಿಯಂ ದೋಣಿಗೆ ಯಾವ ಬಂಕ್ ಸರಿ? ರಾಸಾಯನಿಕ ಉಣಿಸದ ಸೀಡರ್ ಅಥವಾ ಡಗ್ಲಸ್ ಫರ್ ಮರಕ್ಕೆ ನೀರು ಹೀರದಂತೆ ಬಣ್ಣ ಬಳಿದು ಹಾಕಬಹುದು, ಇಲ್ಲವೇ ಪ್ಲಾಸ್ಟಿಕ್ ಹಲಗೆ ಬಳಸಬಹುದು. ಕಾರ್ಪೆಟ್ಟಿಗೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಪಿನ್ನುಗಳನ್ನು ದೋಣಿಗೆ ತಾಗದಂತೆ ಕೆಳಬದಿಯಲ್ಲಿ ಹೊಡೆಯಬೇಕು. ಮರ ಹತ್ತಾರು ವರ್ಷ ಬಾಳದಿರಬಹುದು. ಚಿಂತೆಯಿಲ್ಲ, ಹಲಗೆಯನ್ನು ಮತ್ತೆ ಬದಲಿಸಬಹುದು. ದೋಣಿಯ ತಳವನ್ನು ಬದಲಿಸುವುದು ಅಷ್ಟು ಸುಲಭವಲ್ಲ, ಅದರ ಮೇಲೆ ಕೂರುವವರು ಮನೆಯ ಮಕ್ಕಳು.

ಯಾವುದೇ ವಸ್ತು ಎಷ್ಟು ಕಾಲ ಬಾಳುತ್ತದೆ ಎಂದು ಕೇಳಿದರಷ್ಟೇ ಸಾಲದು, ಅದು ಯಾವುದಕ್ಕೆ ತಾಗಿಕೊಂಡಿರುತ್ತದೆ ಎಂಬುದನ್ನೂ ಕೇಳಬೇಕು. ರಸಾಯನಶಾಸ್ತ್ರದ ಪಾಠ ಪರೀಕ್ಷೆಯಾಚೆಗೂ ಉಪಯೋಗಕ್ಕೆ ಬರುವುದು ಇಂಥಲ್ಲೇ.