ನೋಡಿದವರೆಲ್ಲ ತೃಪ್ತರೇ?

ಸುದ್ದಿ ವಾಹಿನಿಯೊಂದನ್ನು ಹೆಚ್ಚು ಜನ ನೋಡುತ್ತಾರೆಂದರೆ ಅದನ್ನು ಮೆಚ್ಚಿದ್ದಾರೆಂದೇ ಅರ್ಥವೇ? ತಮಿಳುನಾಡಿನ ಅನುಭವ ಬೇರೆಯೇ ಪಾಠ ಹೇಳುತ್ತದೆ.

2001ರ ಜೂನ್ 30ರ ನಸುಕಿನಲ್ಲಿ ಮಾಜಿ ಮುಖ್ಯಮಂತ್ರಿ ಕರುಣಾನಿಧಿಯವರ ಬಂಧನವಾಯಿತು. ಅವರ ಬಂಧುಗಳ ಒಡೆತನದ ಸನ್ ಟಿವಿ, 77 ವರ್ಷದ ನಾಯಕನನ್ನು ಪೊಲೀಸರು ಎಳೆದಾಡಿದ ದೃಶ್ಯವನ್ನು ಮತ್ತೆ ಮತ್ತೆ ತೋರಿಸಿತು. ಆಗಿನ ಮುಖ್ಯಮಂತ್ರಿ ಜಯಲಲಿತಾ ಅವರ ಪಕ್ಷದ ಪರವಾದ ಜಯಾ ಟಿವಿ, ಪೊಲೀಸರ ಪರವಾದ ದೃಶ್ಯಗಳನ್ನು ಆರಿಸಿಕೊಂಡಿತು. ಘಟನೆ ಒಂದು, ಸುದ್ದಿ ಎರಡು!

ನಿಜ ತಿಳಿಯಬೇಕೆಂದವರು ಎರಡನ್ನೂ ನೋಡಲೇಬೇಕು. ಟಿಆರ್‌ಪಿ ಲೆಕ್ಕದಲ್ಲಿ ಇಂಥವರು ಎರಡೂ ವಾಹಿನಿಗಳ ಪ್ರೇಕ್ಷಕರು. ಮನಸ್ಸಿನಲ್ಲಿ ಎರಡನ್ನೂ ಪೂರ್ತಿ ನಂಬದವರು. ಎಷ್ಟು ಹೊತ್ತು ನೋಡಿದರೆಂಬುದನ್ನು ಅಳೆಯಬಹುದು, ತೃಪ್ತಿಯನ್ನು ಅಳೆಯುವುದು ಕಷ್ಟ.

2011ರಲ್ಲಿ ‘ಪುದಿಯ ತಲೈಮುರೈ’ ಬಂದಾಗ, ದೊಡ್ಡ ಪಕ್ಷಗಳ ಹಂಗಿಲ್ಲದ ಸುದ್ದಿ ಬಯಸಿದ್ದ ಜನ ಬೇಗನೆ ಅತ್ತ ತಿರುಗಿದರು. ಅದರ ಹಿಂದಿರುವ ಎಸ್‌ಆರ್‌ಎಂ ಶಿಕ್ಷಣ ಸಮೂಹದ ಸ್ಥಾಪಕರೂ 2010ರಲ್ಲಿ ಪಕ್ಷವೊಂದನ್ನು ಕಟ್ಟಿದವರೇ.

ವಿದ್ಯಾರ್ಥಿಗಳೇ, ಸುದ್ದಿ ನೋಡುವಾಗ ಹೇಳಿದ್ದನ್ನು ಬರೆದುಕೊಂಡರೆ ಸಾಲದು. ವಾಹಿನಿ ಯಾರದು, ಹೇಳದೆ ಬಿಟ್ಟಿದ್ದೇನು ಎಂದೂ ಗಮನಿಸಿ. ಪಾಲಕರು ಜೊತೆಗೆ ಕುಳಿತು ಇದನ್ನೇ ಕೇಳಿದರೆ, ಅದಕ್ಕಿಂತ ಒಳ್ಳೆಯ ಪೌರನೀತಿ ಪಾಠ ಇನ್ನೊಂದಿಲ್ಲ.