ಮಧುಚಂದ್ರದ ಖರ್ಚು ಯಾರ ಪ್ಯಾನ್ ಸಂಖ್ಯೆಯಲ್ಲಿ?

2025ರ ಮಾರ್ಚ್ ತಿಂಗಳಲ್ಲಿ ಪುಣೆಯ ನನ್ನ ಕಚೇರಿಗೆ ಹಿರಿಯರೊಬ್ಬರು ಬಂದರು. ಮೂಲತಃ ಅಥಣಿ ತಾಲೂಕಿನವರು. ಇಲ್ಲಿನ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಕೈಯಲ್ಲಿ ಪ್ರವಾಸ ಸಂಸ್ಥೆಯೊಂದರ ಬಣ್ಣಬಣ್ಣದ ಕೊಟೇಶನ್ ಇತ್ತು. ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್, ಜರ್ಮನಿ, ಸ್ವಿಟ್ಜರ್ಲೆಂಡ್, ಇಟಲಿ. ಹದಿನಾರು ದಿನ, ಆರು ದೇಶ, ಜೈನ ಊಟದ ವ್ಯವಸ್ಥೆ, ಇಬ್ಬರಿಗೆ ಜಿಎಸ್‌ಟಿ ಸೇರಿ 9,80,000 ರೂಪಾಯಿ. ಹೋಗುವವರು ಅವರಲ್ಲ. ಅವರ ಬಳಿ ಪಾಸ್‌ಪೋರ್ಟ್ ಕೂಡ ಇಲ್ಲ. ಮೇ ತಿಂಗಳಲ್ಲಿ ಮದುವೆಯಾಗಲಿದ್ದ ಮಗಳು ಮತ್ತು ಅಳಿಯನ ಮಧುಚಂದ್ರಕ್ಕೆಂದು ಅವರು ತಮ್ಮ ನಿವೃತ್ತಿ ಹಣದ ಠೇವಣಿಯನ್ನು ಮುರಿಸಲು ಹೊರಟಿದ್ದರು. ತೆರಿಗೆ ಎಷ್ಟು ಬೀಳುತ್ತದೆ ಎಂದು ಕೇಳಲು ನನ್ನಲ್ಲಿಗೆ ಬಂದಿದ್ದರು. ಅವರ ಅನುಮತಿ ಪಡೆದು, ಗುರುತು ತಿಳಿಯದಂತೆ ಇದನ್ನು ಬರೆಯುತ್ತಿದ್ದೇನೆ.

ನಾನು ಲೆಕ್ಕ ಹಾಕಿ ತೋರಿಸಿದೆ. ಆಗ ಜಾರಿಯಲ್ಲಿದ್ದ ನಿಯಮದಂತೆ ವಿದೇಶ ಪ್ರವಾಸದ ಪ್ಯಾಕೇಜಿನ ಮೊದಲ 7 ಲಕ್ಷಕ್ಕೆ ಶೇ. 5, ಅದಕ್ಕೆ ಮೇಲ್ಪಟ್ಟ ಮೊತ್ತಕ್ಕೆ ಶೇ. 20 ಟಿಸಿಎಸ್. ಅಂದರೆ 35,000 ಮತ್ತು 56,000, ಒಟ್ಟು 91,000. ಫೆಬ್ರವರಿಯ ಬಜೆಟ್ಟಿನಲ್ಲಿ ಈ 7 ಲಕ್ಷದ ಮಿತಿಯನ್ನು ಏಪ್ರಿಲ್ 1ರಿಂದ 10 ಲಕ್ಷಕ್ಕೆ ಏರಿಸುವುದಾಗಿ ಘೋಷಣೆಯಾಗಿತ್ತು. ಆದ್ದರಿಂದ ಹದಿನೈದು ದಿನ ತಾಳಿದರೆ 49,000 ಮಾತ್ರ ಕಟ್ಟಬೇಕಾಗುತ್ತದೆ, ಪ್ರವಾಸ ಹೇಗೂ ಜೂನ್‌ನಲ್ಲಿ, ಏನೂ ನಷ್ಟವಿಲ್ಲ ಎಂದೆ. ಅವರು ತಲೆ ತಗ್ಗಿಸಿದರು. "ಆಗೂದಿಲ್ರಿ ಸಾಹೇಬ್ರ. ಇದೇ ಇಪ್ಪತ್ತಕ್ಕ ನಿಶ್ಚಿತಾರ್ಥ ಐತಿ. ಅವತ್ತ ರಸೀದಿ ತೋರಿಸಬೇಕಂತ ಹೇಳ್ಯಾರ."

ಹೇಳಿದವರು ವರದಕ್ಷಿಣೆಯ ವಿರೋಧಿಗಳು. ಮಾತುಕತೆಯ ದಿನ ಅವರ ಬಾಯಿಂದ ಬಂದದ್ದು ಇದು: "ನಮಗೇನೂ ಬ್ಯಾಡ್ರಿ. ಬಂಗಾರ ಬ್ಯಾಡ, ಗಾಡಿ ಬ್ಯಾಡ. ಹುಡುಗ್ರು ಒಂದ್ಸಲ ಯುರೋಪ್ ನೋಡಿ ಬರ್ಲಿ, ಅಷ್ಟ ಸಾಕು." ಈ 'ಅಷ್ಟ ಸಾಕು' ಎಂಬ ಎರಡು ಪದಗಳ ಬೆಲೆಯೇ 9,80,000.

ಇದನ್ನು ವರದಕ್ಷಿಣೆ ಎಂದು ಕರೆದರೆ ನಮ್ಮ ಸಮಾಜದ ಬಹಳ ಜನರಿಗೆ ಸಿಟ್ಟು ಬರುತ್ತದೆ. ಸಿಟ್ಟು ಬರಲಿ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯನ್ನು ಒಮ್ಮೆ ಓದಿ ನೋಡಿ. ಮದುವೆಯ ಸಂಬಂಧವಾಗಿ, ಮದುವೆಗೆ ಮುನ್ನ, ಮದುವೆಯ ವೇಳೆ ಅಥವಾ ಆನಂತರ, ಒಂದು ಪಕ್ಷದವರು ಇನ್ನೊಂದು ಪಕ್ಷದವರಿಗೆ ನೇರವಾಗಿ ಅಥವಾ ಪರೋಕ್ಷವಾಗಿ ಕೊಟ್ಟ ಅಥವಾ ಕೊಡಲು ಒಪ್ಪಿದ ಸ್ವತ್ತು ವರದಕ್ಷಿಣೆಯೇ. ಕೊಟ್ಟವರಿಗೂ ತೆಗೆದುಕೊಂಡವರಿಗೂ ಕನಿಷ್ಠ ಐದು ವರ್ಷ ಜೈಲು; ಜೊತೆಗೆ 15,000 ರೂಪಾಯಿ ಅಥವಾ ವರದಕ್ಷಿಣೆಯ ಮೌಲ್ಯ, ಇವೆರಡರಲ್ಲಿ ಹೆಚ್ಚಿನದಕ್ಕೆ ಕಡಿಮೆಯಿಲ್ಲದ ದಂಡ. ಕೇಳದೆ ಪ್ರೀತಿಯಿಂದ ಕೊಡುವ ಉಡುಗೊರೆಗೆ ಕಾಯ್ದೆ ಅವಕಾಶ ಕೊಡುತ್ತದೆ. ಆದರೆ ಅದನ್ನು ಪಟ್ಟಿಯಲ್ಲಿ ಬರೆದಿಡಬೇಕು. ಕೊಟ್ಟವರು ವಧುವಿನ ಕಡೆಯವರಾದರೆ ಅದು ರೂಢಿಗತವಾಗಿರಬೇಕು, ಅವರ ಆರ್ಥಿಕ ಸ್ಥಿತಿಗೆ ಮೀರಿದ್ದಾಗಿರಬಾರದು. ಹೀಗೆ ಪಟ್ಟಿ ಇಡುವ ಬಗ್ಗೆ 1985ರಿಂದ ನಿಯಮಗಳೂ ಇವೆ. ನಮ್ಮ ಯಾವ ಮದುವೆಯಲ್ಲಿ ಅಂಥ ಪಟ್ಟಿಗೆ ಎರಡೂ ಕಡೆಯವರು ಸಹಿ ಹಾಕಿದ್ದನ್ನು ನೀವು ಕಂಡಿದ್ದೀರಿ? ನಾನಂತೂ ಕಂಡಿಲ್ಲ.

ಚಿನ್ನ, ನಗದು, ಕಾರು ಇವೆಲ್ಲ ಕಣ್ಣಿಗೆ ಬೀಳುವ ವಸ್ತುಗಳು. ನಾಲ್ಕು ಜನ ಆಡಿಕೊಳ್ಳುತ್ತಾರೆ. ಪ್ರವಾಸಕ್ಕೆ ಆ ಭಯವಿಲ್ಲ. ಅದನ್ನು ಕಪಾಟಿನಲ್ಲಿ ಇಡಬೇಕಿಲ್ಲ, ಯಾರೂ ಬಂದು ತೂಕ ಮಾಡುವುದಿಲ್ಲ. ಹಣ ಹುಡುಗನ ತಂದೆಯ ಕೈಗೆ ಬರುವುದೇ ಇಲ್ಲ. ಹುಡುಗಿಯ ತಂದೆಯಿಂದ ಪ್ರವಾಸ ಸಂಸ್ಥೆಗೆ ನೇರವಾಗಿ ಹೋಗುತ್ತದೆ. ಕೈ ಕೊಳೆಯಾಗದೆ ಕೆಲಸ ಮುಗಿಯುತ್ತದೆ. ಮಗಳೂ ಜೊತೆಗೇ ಹೋಗುತ್ತಾಳಲ್ಲ ಎಂಬ ಸಮಾಧಾನ ಬೇರೆ. ವರದಕ್ಷಿಣೆಯ ಇತಿಹಾಸದಲ್ಲಿ ಇಷ್ಟು ಜಾಣ್ಮೆಯ ರೂಪ ಹಿಂದೆ ಬಂದಿರಲಿಲ್ಲ ಎಂದು ನನ್ನ ಅನಿಸಿಕೆ.

ಆದರೆ ಈ ಜಾಣರಿಗೆ ಒಂದು ಸಂಗತಿ ತಿಳಿದಿಲ್ಲ. ನಗದು ಕೊಟ್ಟರೆ ಗುರುತು ಉಳಿಯುವುದಿಲ್ಲ, ಪ್ಯಾಕೇಜಿಗೆ ಉಳಿಯುತ್ತದೆ. ಟಿಸಿಎಸ್ ಕಟ್ಟಿಸಿಕೊಂಡ ಸಂಸ್ಥೆ ಅದನ್ನು ಹಣ ಕೊಟ್ಟವರ ಪ್ಯಾನ್ ಸಂಖ್ಯೆಯಲ್ಲಿ ದಾಖಲಿಸುತ್ತದೆ, ಅದು ಅವರ 26ಎಎಸ್ ವಿವರದಲ್ಲಿ ಕಾಣಿಸಿಕೊಳ್ಳುತ್ತದೆ. ತನಗಾಗಲಿ ಬೇರೆಯವರಿಗಾಗಲಿ ವಿದೇಶ ಪ್ರಯಾಣಕ್ಕೆ ವರ್ಷದಲ್ಲಿ 2 ಲಕ್ಷಕ್ಕಿಂತ ಹೆಚ್ಚು ಖರ್ಚು ಮಾಡಿದವರು, ಆದಾಯ ಎಷ್ಟೇ ಕಡಿಮೆ ಇರಲಿ, ರಿಟರ್ನ್ ಸಲ್ಲಿಸಲೇಬೇಕು. ಹೀಗಾಗಿ ಕೃಷ್ಣಾ ತೀರದ ರೈತನೊಬ್ಬ, ಕೃಷಿ ಆದಾಯಕ್ಕೆ ತೆರಿಗೆಯಿಲ್ಲದ ಕಾರಣ ಜೀವಮಾನದಲ್ಲಿ ರಿಟರ್ನ್ ಕಾಣದವನು, ಮಗಳ ಮಧುಚಂದ್ರದ ದೆಸೆಯಿಂದ ಮೊದಲ ಬಾರಿಗೆ ಲೆಕ್ಕಪರಿಶೋಧಕನ ಮೆಟ್ಟಿಲು ಹತ್ತುತ್ತಾನೆ.

ವೀಸಾ ಅರ್ಜಿಯದೂ ಅದೇ ಕಥೆ. ಷೆಂಗೆನ್ ವೀಸಾ ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ: ಪ್ರಯಾಣ ಮತ್ತು ವಾಸದ ವೆಚ್ಚ ಯಾರದು, ಅರ್ಜಿದಾರನದೋ, ಪ್ರಾಯೋಜಕನದೋ? ಮುಖಂಡರು, ಪಂಚರು, ವಧೂವರ ಸಮಾವೇಶದ ಸಂಘಟಕರು ಯಾರೂ ಕೇಳದ ಈ ಪ್ರಶ್ನೆಯನ್ನು ದೂರದೇಶದ ವೀಸಾ ಗುಮಾಸ್ತ ಕೇಳುತ್ತಾನೆ. ಉತ್ತರವಾಗಿ ನಮ್ಮ ಹುಡುಗ, ತಿಂಗಳಿಗೆ ಲಕ್ಷಕ್ಕೂ ಮೀರಿದ ಸಂಬಳದವನು, 'ಪ್ರಾಯೋಜಕ' ಎಂದು ಗುರುತು ಹಾಕಿ ಮಾವನ ಬ್ಯಾಂಕ್ ವಿವರ ಲಗತ್ತಿಸುತ್ತಾನೆ.

ಸರ್ಕಾರದ ವರ್ತನೆ ಕೂಡ ವಿಚಿತ್ರ. 2020ರ ಅಕ್ಟೋಬರ್‌ನಲ್ಲಿ ಪ್ಯಾಕೇಜಿನ ಮೇಲೆ ಶೇ. 5 ಟಿಸಿಎಸ್ ತಂದರು, 2023ರ ಅಕ್ಟೋಬರ್‌ನಲ್ಲಿ ಮಿತಿ ಮೀರಿದ ಮೊತ್ತಕ್ಕೆ ಶೇ. 20 ಮಾಡಿದರು, 2025ರಲ್ಲಿ ಮಿತಿಯನ್ನೇ ಏರಿಸಿದರು. 2023ರ ನವೆಂಬರ್‌ನ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯವರು ವಿದೇಶದಲ್ಲಿ ಮದುವೆ ಮಾಡುವ ಕುಟುಂಬಗಳ ಬಗ್ಗೆ ಬೇಸರಪಟ್ಟು, ದೇಶದ ಹಣ ದೇಶದಲ್ಲೇ ಉಳಿಯಲಿ ಎಂದರು. ಹಣ ಯಾವ ದೇಶಕ್ಕೆ ಹೋಗುತ್ತದೆ ಎಂಬ ಚಿಂತೆ ಇದೆ. ಯಾರ ಜೇಬಿನಿಂದ ಹೊರಡುತ್ತದೆ ಎಂಬ ಚಿಂತೆ ಇಲ್ಲ. ಹಾಗೆಂದು ತೆರಿಗೆ ಅಧಿಕಾರಿ ನಮ್ಮ ಮದುವೆ ಮನೆಗೆ ನುಗ್ಗಲಿ ಎಂದು ನಾನು ಬಯಸುವವನಲ್ಲ. ವೃತ್ತಿಯಲ್ಲಿ ಅವರನ್ನು ಸಾಕಷ್ಟು ಕಂಡಿದ್ದೇನೆ. ಆ ಕಾಗದವನ್ನು ಸಮಾಜವೇ ಓದಿಕೊಳ್ಳಲಿ ಎಂಬುದಷ್ಟೇ ನನ್ನ ಬಯಕೆ.

ಇಲ್ಲಿ ಕೆಲವರು ಅಡ್ಡ ಬರುತ್ತಾರೆ. "ಪ್ರವಾಸವೇ ತಪ್ಪೇ? ಜೈನರು ಸಮುದ್ರ ದಾಟಬಾರದೇ?" ಖಂಡಿತ ದಾಟಲಿ. 1893ರಲ್ಲಿ ವೀರಚಂದ ಗಾಂಧಿಯವರು ಷಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ ಹೋದಾಗಲೂ ಸಂಪ್ರದಾಯಸ್ಥರು ಗದ್ದಲ ಎಬ್ಬಿಸಿದ್ದರು. ಆ ಗದ್ದಲದ ಪಕ್ಷ ನನ್ನದಲ್ಲ. ರಾತ್ರಿಭೋಜನ ಬಿಟ್ಟವರಿಗೆ ಜೂನ್ ತಿಂಗಳ ಪ್ಯಾರಿಸ್‌ನಷ್ಟು ಅನುಕೂಲದ ಊರು ಇನ್ನೊಂದಿಲ್ಲ, ಅಲ್ಲಿ ಸೂರ್ಯ ಮುಳುಗುವುದು ಹತ್ತು ಗಂಟೆಯ ಸುಮಾರಿಗೆ. 3,454 ಮೀಟರ್ ಎತ್ತರದ ಯುಂಗ್‌ಫ್ರಾಯೋಖ್ ನಿಲ್ದಾಣದ ಹಿಮ ನೋಡಲು ನನಗೂ ಆಸೆಯಿದೆ. ದುಡಿಯುವ ಹುಡುಗ ಹುಡುಗಿ ತಮ್ಮ ಸಂಬಳದಲ್ಲಿ ಉಳಿಸಿ, ತಾವೇ ಕುಳಿತು ಯೋಜಿಸಿ ಹೋಗಲಿ. ಹಾಗೆ ಹೋಗುವವರನ್ನು ಕಂಡಿದ್ದೇನೆ. ಅವರು ಹದಿನಾರು ದಿನಕ್ಕೆ ಆರು ದೇಶ ಹಾಕಿಕೊಳ್ಳುವುದಿಲ್ಲ. ತಮ್ಮದೇ ಹಣವಾದಾಗ ಒಂದೋ ಎರಡೋ ದೇಶ ಸಾಕು ಎನಿಸುತ್ತದೆ. ನಡುವೆ ಲಂಡನ್ ತುರುಕಿದರೆ ಬ್ರಿಟನ್ನಿಗೆ ಬೇರೆಯೇ ವೀಸಾ ಬೇಕು, ಒಂದೇ ಪ್ರವೇಶದ ಷೆಂಗೆನ್ ವೀಸಾ ಇದ್ದರೆ ಮರಳಿ ಒಳಗೆ ಬರಲಾಗದು, ತಲಾ 90 ಯೂರೋ ಶುಲ್ಕ ಅರ್ಜಿ ತಿರಸ್ಕೃತವಾದರೂ ಹಿಂದೆ ಬಾರದು ಎಂಬುದನ್ನೆಲ್ಲ ಮೊದಲೇ ವಿಚಾರಿಸಿಕೊಂಡಿರುತ್ತಾರೆ. ದೇಶಗಳ ಸಂಖ್ಯೆ ಬೆಳೆಯುವುದು ಬೇರೆಯವರ ದುಡ್ಡಿನಲ್ಲಿ. ಆಗ ಅದು ಊರು ನೋಡುವ ಪ್ರವಾಸವಾಗಿ ಉಳಿಯದೆ, ಬೀಗರ ಮನೆಯವರು ನೆಂಟರಿಗೆ ಹೇಳಿಕೊಳ್ಳುವ ಅಂಕಿಯಾಗುತ್ತದೆ.

ಶ್ರಾವಕನ ಪರಿಗ್ರಹ ಪರಿಮಾಣಕ್ಕೆ ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಇಚ್ಛಾಪರಿಮಾಣ ಎಂಬ ಹೆಸರನ್ನೂ ಕೊಟ್ಟಿದ್ದಾರೆ. ನನ್ನ ವೃತ್ತಿಯ ಕಣ್ಣಿಗೆ ಇದು ಸೊಗಸಾದ ಪದ. ವಸ್ತುವಿಗೆ ಮಿತಿ ಹಾಕುವ ಮೊದಲು ಆಸೆಗೆ ಮಿತಿ ಹಾಕು, ಅದನ್ನು ಮುಂಚೆಯೇ ಗೊತ್ತುಮಾಡಿಕೋ ಎಂಬುದು ಅದರ ಇಂಗಿತ. ದಿಕ್ಕುಗಳಿಗೆ ಮಿತಿ ಹಾಕುವ ದಿಗ್ವ್ರತವೂ ಅದೇ ಗ್ರಂಥದಲ್ಲಿದೆ. ಪರ್ಯೂಷಣದಲ್ಲಿ ಇವುಗಳ ಮೇಲೆ ಪ್ರವಚನ ಕೇಳಿ ತಲೆದೂಗುವವರೇ ಮಾತುಕತೆಯ ದಿನ ತಮ್ಮ ಆಸೆಗೆ ಹೆಣ್ಣಿನ ತಂದೆಯ ಠೇವಣಿಯನ್ನು ಪರಿಮಾಣ ಮಾಡಿಕೊಳ್ಳುತ್ತಾರೆ.

ಇನ್ನೊಂದು ವಾದವನ್ನು ಮಾತ್ರ ನಾನು ಹಗುರವಾಗಿ ತಳ್ಳಿಹಾಕಲಾರೆ. ಮುಂಬೈ, ಪುಣೆ, ಹೈದರಾಬಾದುಗಳಲ್ಲಿ ಕನ್ನಡ ಜೈನರು ಬೆರಳೆಣಿಕೆಯ ಮನೆಗಳು. ಸಂಬಂಧ ಸಿಗುವುದೇ ಕಷ್ಟ. ಒಂದು ಬೇಡಿಕೆಗೆ ಇಲ್ಲ ಎಂದರೆ ಮುಂದಿನ ವರ ಎಲ್ಲಿಂದ ಬರಬೇಕು ಎಂದು ಹೆಣ್ಣಿನವರು ಹೆದರುತ್ತಾರೆ. ಜೊತೆಗೆ, ಬಸದಿಯಲ್ಲಿ ನಮ್ಮ ಪಕ್ಕ ಕೂರುವವರು ತಲೆಮಾರುಗಳಿಂದ ವ್ಯಾಪಾರ ಮಾಡಿದ ಮನೆತನದವರು. ಅವರ ಮದುವೆಯ ಅದ್ದೂರಿ ಅವರ ಖಾತೆಗೆ ಸರಿ ಇರಬಹುದು. ನಾವು ಹೆಚ್ಚಿನವರು ಒಕ್ಕಲುತನದ ಮನೆಯ ಮಕ್ಕಳು, ಸಂಬಳದವರು. ನೋಡಿ ಕಲಿಯುವ ಬೇರೆ ವಿದ್ಯೆಗಳು ಅವರಲ್ಲಿ ಬೇಕಾದಷ್ಟಿವೆ. 1899ರಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆಯ ಹಿರಿಯರು ಹಳ್ಳಿಯ ಮಕ್ಕಳಿಗೆ ಬೋರ್ಡಿಂಗ್ ಕಟ್ಟಿಸಿ ಓದಿಸಿದರು. ಆ ಓದಿನಿಂದ ಬಂದ ಸಂಬಳವನ್ನು ಅವರ ಮರಿಮಕ್ಕಳು ಯಾವುದಕ್ಕೆ ಮೀಸಲಿಟ್ಟರು ಎಂದು ಕೇಳಿದರೆ ಹೇಳಲು ನಾಚಿಕೆಯಾಗುತ್ತದೆ.

ನಾಚಿಕೆ ಎಂದೆ. ನನ್ನದನ್ನೂ ಹೇಳಿಬಿಡುತ್ತೇನೆ. 2009ರಲ್ಲಿ ನನ್ನ ಮದುವೆಯಾಯಿತು. ಸಿಂಗಾಪುರ, ಮಲೇಷ್ಯಾ, ಥಾಯ್ಲೆಂಡ್: ಆ ಕಾಲಕ್ಕೆ ಮೂರು ದೇಶವೇ ದೊಡ್ಡದು. ಟಿಕೆಟ್ಟು ಮಾವನವರು ಕೊಟ್ಟರು. ನಾನು ಕೇಳಿರಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಲೆಕ್ಕ ಬಲ್ಲವನು ಎಂದು ಕಾಗದಪತ್ರ ನೋಡುವ ಕೆಲಸ ನನಗೇ ಬಂತು. ಹಳೆಯ ಟ್ರಂಕಿನಲ್ಲಿ ಪತ್ತಿನ ಸಂಘವೊಂದರ ಚಿನ್ನದ ಸಾಲದ ಚೀಟಿ ಸಿಕ್ಕಿತು, ಮದುವೆಗೆ ಹನ್ನೊಂದು ದಿನ ಮುಂಚಿನ ತಾರೀಖಿನದು. ಅಡವಿಟ್ಟದ್ದು ಅತ್ತೆಯವರ ಪಾಟಲಿ. ಬಿಡಿಸಿಕೊಂಡ ಗುರುತು ಯಾವ ಕಾಗದದಲ್ಲೂ ಇರಲಿಲ್ಲ. ಹೆಂಡತಿಯನ್ನು ಕೇಳಿದೆ, ನಿನಗೆ ಗೊತ್ತಿತ್ತೇ ಎಂದು. "ಗೊತ್ತಿತ್ತು" ಎಂದಳು. "ವಿಮಾನದಲ್ಲಿ ಕೂತಾಗಲೂ ಗೊತ್ತಿತ್ತು." ಇಷ್ಟು ವರ್ಷ ನಮ್ಮ ಮನೆಯ ಗೋಡೆಯ ಮೇಲೆ ಆ ಪ್ರವಾಸದ ಚಿತ್ರವಿತ್ತು. ಅದನ್ನು ಅವಳು ಒರೆಸುತ್ತಿದ್ದಾಗ ಏನು ನೆನೆಯುತ್ತಿದ್ದಳೋ ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಆದ್ದರಿಂದ, ಕೇಳದಿದ್ದರೆ ತಪ್ಪಿಲ್ಲ ಎನ್ನುವವರಿಗೆ ನನ್ನ ಬಳಿ ಸಹಾನುಭೂತಿಯಿಲ್ಲ. ಗಂಡಿನ ಕಡೆಯವನು ಬಾಯಿ ಬಿಟ್ಟು 'ಬೇಡ' ಎನ್ನಬೇಕು, ಅದೂ ಮಾತುಕತೆಯ ದಿನವೇ, ನಾಲ್ಕು ಜನರೆದುರು. ನಮ್ಮ ವಧೂವರ ಸಮಾವೇಶಗಳ ಅರ್ಜಿಯಲ್ಲಿ ಗೋತ್ರ, ಎತ್ತರ, ಪ್ಯಾಕೇಜ್ ಎಂಬ ಹೆಸರಿನ ಸಂಬಳ ಎಲ್ಲಕ್ಕೂ ಅಂಕಣವಿದೆ. ಇನ್ನೊಂದು ಸಾಲು ಸೇರಿಸಲು ಕಾಗದ ಸಾಲದೇ? ಮದುವೆಯ ನಂತರದ ಪ್ರವಾಸದ ವೆಚ್ಚ ವಧೂವರರದೇ, ಹೌದು ಅಥವಾ ಇಲ್ಲ, ವರನ ಸಹಿ. 'ಇಲ್ಲ' ಎಂದು ಬರೆಯುವ ಧೈರ್ಯ ಯಾರಿಗಿದೆ, ನೋಡೋಣ.

ಪುಣೆಯ ಆ ಹಿರಿಯರು ಹಣ ಕಟ್ಟಿದರು. ರಸೀದಿ ನಿಶ್ಚಿತಾರ್ಥದ ತಟ್ಟೆಯಲ್ಲಿ ತೆಂಗಿನಕಾಯಿಯ ಪಕ್ಕ ಇತ್ತಂತೆ. ಟಿಸಿಎಸ್ ಮರಳಿ ಬರುವಂಥದ್ದು, ಅದನ್ನು ಬದಿಗಿಟ್ಟರೂ 9,80,000ಕ್ಕೆ ಶೇ. 7ರಂತೆ ವರ್ಷಕ್ಕೆ 68,600 ಬಡ್ಡಿ ಹೋಯಿತು, ತಿಂಗಳಿಗೆ 5,700ರಷ್ಟು. ಗಂಡ ಹೆಂಡಿರ ಔಷಧಿಯ ಖರ್ಚು ಹೆಚ್ಚುಕಡಿಮೆ ಅಷ್ಟೇ ಇತ್ತು. ಇದನ್ನು ಆ ಮಾರ್ಚ್ ದಿನವೇ ಕಾಗದದ ಮೇಲೆ ಬರೆದು ತೋರಿಸಬಹುದಿತ್ತು. ಕೇಳಿದ್ದಕ್ಕೆ ಮಾತ್ರ ಉತ್ತರಿಸುವ ವೃತ್ತಿಯ ಅಭ್ಯಾಸದಿಂದ ನಾನು ಸುಮ್ಮನಿದ್ದೆ.

ಸೆಪ್ಟೆಂಬರ್‌ನಲ್ಲಿ ಅವರ ರಿಟರ್ನ್ ಸಲ್ಲಿಸಿದೆ. ತೆರಿಗೆ ಏನೂ ಇರಲಿಲ್ಲವಾದ್ದರಿಂದ ಅಕ್ಟೋಬರ್ ಮೊದಲ ವಾರದಲ್ಲಿ 91,000 ಪೂರ್ತಿ ಅವರ ಖಾತೆಗೆ ಜಮೆಯಾಯಿತು. ಅಂದೇ ಸಂಜೆ ಫೋನ್ ಮಾಡಿದರು.

"ಸಾಹೇಬ್ರ, ರೊಕ್ಕ ಬಂತರಿ. ಬೀಗರು ಕೇಳಾಕತ್ಯಾರ, ಟೂರಿನ ರೊಕ್ಕ ತಿರುಗಿ ಬಂತಂದ್ರ ಅದು ಅಳಿಯಂದಿರದಲ್ಲೇನು ಅಂತ. ಕೊಡಬೇಕಾಗತೈತೇನ್ರಿ?"

ನಿಮ್ಮ ಪ್ಯಾನ್, ನಿಮ್ಮ ಹಣ, ಯಾರಿಗೂ ಕೊಡಬೇಕಾಗಿಲ್ಲ ಎಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಖರೇ ಐತ್ರಿ. ಆದ್ರ ದೀಪಾವಳಿ ಬಂತಲ್ರೀ, ಅಳಿಯಂದು ಮೊದಲನೇ ಹಬ್ಬ" ಎಂದರು.